ಹುಲಿಯ ಗಂಟಲಿಗೆ ಎಷ್ಟು ಗಾಳಿ ಬೇಕು?

ಶ್ರೀರಂಗಪಟ್ಟಣದ ಕೋಟೆಯೊಳಗೆ, ಶ್ರೀರಂಗನಾಥಸ್ವಾಮಿ ದೇವಾಲಯದಿಂದ ಸ್ವಲ್ಪ ದೂರದಲ್ಲಿ ಟಿಪ್ಪು ಸುಲ್ತಾನನ ಅರಮನೆ ಇದ್ದ ಜಾಗವಿದೆ. ಅರಮನೆ ಈಗಿಲ್ಲ. ಅಳಿದುಳಿದ ಪಾಯದ ಕಲ್ಲುಗಳನ್ನು ನೋಡಿ ಅದರ ಅಂದಾಜು ಮಾಡಿಕೊಳ್ಳಬೇಕಷ್ಟೆ. 1799ರ ಮೇ 4ರಂದು ಕೋಟೆ ಬಿದ್ದು ಟಿಪ್ಪು ಮಡಿದ ಮೇಲೆ ಇಂಗ್ಲಿಷರ ಸೇನೆ ಈ ಅರಮನೆಯನ್ನು ಕೋಣೆ ಕೋಣೆಯಾಗಿ ಶೋಧಿಸಿತು. ವಾದ್ಯಗಳನ್ನು ಇರಿಸಿದ್ದ ಒಂದು ಕೋಣೆಯಲ್ಲಿ ಅವರಿಗೆ ಸಿಕ್ಕಿದ್ದು ವೀಣೆಯೂ ಅಲ್ಲ, ಮೃದಂಗವೂ ಅಲ್ಲ. ಅಂಗಾತ ಬಿದ್ದ ಒಬ್ಬ ಐರೋಪ್ಯನ ಮೇಲೆರಗಿ ಅವನ ಕತ್ತಿಗೆ ಬಾಯಿ ಹಾಕಿರುವ ಮರದ ಹುಲಿ.

ಸುಮಾರು 1793ರಲ್ಲಿ ಮಾಡಿದ್ದೆಂದು ನಂಬಲಾದ ಈ ಹುಲಿಯ ಉದ್ದ 178 ಸೆಂ.ಮೀ. ಎತ್ತರ 71 ಸೆಂ.ಮೀ. ಅಂದರೆ ಹೆಚ್ಚು ಕಡಿಮೆ ಐದು ಅಡಿ ಹತ್ತು ಅಂಗುಲ ಉದ್ದ, ಎರಡು ಅಡಿ ನಾಲ್ಕು ಅಂಗುಲ ಎತ್ತರ. ಭುಜದ ಬಳಿ ಒಂದು ಹಿಡಿಕೆಯಿದೆ. ಅದನ್ನು ತಿರುಗಿಸಿದರೆ ಒಳಗಿನ ತಿದಿಗಳು ಉಬ್ಬಿ ಕುಗ್ಗುತ್ತವೆ. ಕೆಳಗೆ ಬಿದ್ದವನ ಗಂಟಲೊಳಗಿನ ಕೊಳವೆಯಲ್ಲಿ ಗಾಳಿ ಹಾಯ್ದು ನರಳಾಟ ಹೊರಡುತ್ತದೆ. ಅವನ ಎಡಗೈ ಮೇಲೆದ್ದು ಕೆಳಗಿಳಿಯುತ್ತದೆ. ಕೈ ಆಡಿದಂತೆ ನರಳುವ ದನಿಯೂ ಏರಿಳಿಯುತ್ತದೆ. ಹುಲಿಯ ತಲೆಯೊಳಗೆ ಬೇರೊಂದು ತಿದಿ, ಎರಡು ಸ್ವರ ಹೊರಡಿಸುವ ಒಂದು ಕೊಳವೆ. ಅದು ಮತ್ತೆ ಮತ್ತೆ ಗುರುಗುಟ್ಟುತ್ತದೆ. ಹುಲಿಯ ಪಕ್ಕೆಯಲ್ಲಿ ಒಂದು ಮುಚ್ಚಳ. ಅದನ್ನು ತೆರೆದರೆ ದಂತದ 18 ಕೀಲಿಗಳಿರುವ ಪುಟ್ಟ ಆರ್ಗನ್. ಬಲ್ಲವರು ಅದರಲ್ಲಿ ರಾಗ ನುಡಿಸಲೂಬಹುದು.

‘ಟಿಪ್ಪುವಿನ ಹುಲಿ’ ಎಂದು ಲೋಕಪ್ರಸಿದ್ಧವಾದ ಈ ಯಂತ್ರದ ಬಗ್ಗೆ ಬರೆದವರು ಬಹಳ. ಅವರಲ್ಲಿ ಹೆಚ್ಚಿನವರು ನೋಡಿದ್ದು ಅದರ ರಾಜಕೀಯವನ್ನು. ಇಂಗ್ಲಿಷರ ಮೇಲೆ ಟಿಪ್ಪುವಿಗಿದ್ದ ಹಗೆ, ಹುಲಿಯನ್ನು ತನ್ನ ಲಾಂಛನ ಮಾಡಿಕೊಂಡ ಅವನ ಹೆಮ್ಮೆ, ಗೆದ್ದವರ ಕಣ್ಣಿಗೆ ಅದು ಕ್ರೌರ್ಯದ ಗೊಂಬೆಯಾದದ್ದು, ಇವೆಲ್ಲ ಮತ್ತೆ ಮತ್ತೆ ಚರ್ಚೆಯಾಗಿವೆ. ಆದರೆ ಅದನ್ನು ಮಾಡಿದ ಬಡಗಿ, ಕಮ್ಮಾರರ ಮುಂದೆ ಇದ್ದ ಪ್ರಶ್ನೆಯೇ ಬೇರೆ. ಆಳುದ್ದದ ಒಂದು ಮರದ ಪೆಟ್ಟಿಗೆಯಿಂದ, ಬರೀ ಗಾಳಿಯನ್ನು ಬಳಸಿ, ಹುಲಿಯ ತಗ್ಗು ದನಿಯನ್ನು ಹೊರಡಿಸುವುದು ಹೇಗೆ?

ಕೇಳಲು ಸುಲಭವೆನಿಸುವ ಈ ಪ್ರಶ್ನೆ ಇಂದಿಗೂ ಸುಲಭವಲ್ಲ. ಅದು ಯಾಕೆ ಕಷ್ಟ, ಕಷ್ಟವನ್ನು ದಾಟಲು ಮನುಷ್ಯ ಯಾವ ಯಾವ ಉಪಾಯ ಹೂಡಿದ್ದಾನೆ ಎಂದು ತಿಳಿಯಲು ದೂರ ಹೋಗಬೇಕಾಗಿಲ್ಲ. ಕೆ.ಆರ್. ಪೇಟೆ, ಪಾಂಡವಪುರ, ನಾಗಮಂಗಲಗಳನ್ನು ಒಂದು ಸುತ್ತು ಹಾಕಿ ಮತ್ತೆ ಶ್ರೀರಂಗಪಟ್ಟಣಕ್ಕೆ ಬಂದರೆ ಸಾಕು.

ಕೊಳಲು ಏಕೆ ಗುಡುಗುವುದಿಲ್ಲ?

ಕೆ.ಆರ್. ಪೇಟೆಗೆ ಅಂಟಿಕೊಂಡಂತಿರುವ ಹೊಸಹೊಳಲಿನಲ್ಲಿ 13ನೇ ಶತಮಾನದ ಲಕ್ಷ್ಮೀನಾರಾಯಣ ದೇವಾಲಯವಿದೆ. ಹೊಯ್ಸಳರ ಕಾಲದ ಈ ತ್ರಿಕೂಟ ಗುಡಿಯ ಮೂರು ಗರ್ಭಗೃಹಗಳಲ್ಲಿ ಒಂದು ವೇಣುಗೋಪಾಲನದು. ಕೊಳಲನ್ನು ತುಟಿಗಿಟ್ಟು ನಿಂತ ದೇವರನ್ನು ನೋಡುತ್ತ ಒಂದು ಸಾದಾ ಪ್ರಶ್ನೆ ಕೇಳಿಕೊಳ್ಳಬಹುದು. ಕೊಳಲಿನಿಂದ ಇಂಪು ಬರುತ್ತದೆ, ಗುಡುಗು ಯಾಕೆ ಬರುವುದಿಲ್ಲ?

ಉತ್ತರ ಕೊಳಲಿನ ಉದ್ದದಲ್ಲಿದೆ. ಸದ್ದೆಂದರೆ ಗಾಳಿಯ ಕಂಪನ. ಒಂದು ಸೆಕೆಂಡಿಗೆ ಎಷ್ಟು ಸಲ ಗಾಳಿ ಹಿಂದೆ ಮುಂದೆ ಅಲುಗುತ್ತದೆ ಎಂಬುದನ್ನು ಹರ್ಟ್ಜ್ ಎಂಬ ಮಾನದಲ್ಲಿ ಹೇಳುತ್ತಾರೆ. ಕಂಪನ ಹೆಚ್ಚಿದ್ದರೆ ತಾರ, ಕಡಿಮೆಯಿದ್ದರೆ ಮಂದ್ರ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 345 ಮೀಟರ್ ಓಡುತ್ತದೆ. ಆದ್ದರಿಂದ ಕಂಪನ ಕಡಿಮೆಯಾದಷ್ಟೂ ಒಂದೊಂದು ಅಲೆಯೂ ಉದ್ದವಾಗುತ್ತದೆ. ನೂರು ಹರ್ಟ್ಜ್‌ನ ಅಲೆ ಮೂರೂವರೆ ಮೀಟರ್. ಇಪ್ಪತ್ತು ಹರ್ಟ್ಜ್‌ನ ಅಲೆ ಹದಿನೇಳು ಮೀಟರಿಗೂ ಹೆಚ್ಚು.

ಎರಡೂ ತುದಿ ತೆರೆದ ಕೊಳವೆಯಲ್ಲಿ ಅಲೆಯ ಅರ್ಧ ಭಾಗ ಕೂರಬೇಕು. ಒಂದು ತುದಿ ಮುಚ್ಚಿದ್ದರೆ ಕಾಲು ಭಾಗ ಕೂತರೆ ಸಾಕು. ಕೊಳಲಿನ ತೂತುಗಳನ್ನೆಲ್ಲ ಮುಚ್ಚಿ ಊದಿದಾಗ ಅದು ಎರಡೂ ಕಡೆ ತೆರೆದ ಕೊಳವೆಯಂತೆಯೇ ಕೆಲಸ ಮಾಡುತ್ತದೆ. ಒಂದಡಿ ಕೊಳಲು ಸುಮಾರು 550 ಹರ್ಟ್ಜ್ ನುಡಿದರೆ, ಅದಕ್ಕಿಂತ ಕೆಳಗೆ ಇಳಿಯಲು ಅದಕ್ಕೆ ಜಾಗವೇ ಇಲ್ಲ. ದನಿ ಒಂದು ಸ್ಥಾಯಿ ಇಳಿಯಬೇಕಾದರೆ ಕೊಳವೆ ಎರಡರಷ್ಟಾಗಬೇಕು. ಇನ್ನೊಂದು ಸ್ಥಾಯಿಗೆ ಮತ್ತೆ ಎರಡರಷ್ಟು. ಐರೋಪ್ಯ ಚರ್ಚುಗಳ ದೊಡ್ಡ ಆರ್ಗನ್‌ಗಳಲ್ಲಿ ಸುಮಾರು 16 ಹರ್ಟ್ಜ್‌ನ ಸ್ವರಕ್ಕಾಗಿ 32 ಅಡಿಯ ಕೊಳವೆಗಳನ್ನು ನಿಲ್ಲಿಸುತ್ತಾರೆ. ಮೂರು ಅಂತಸ್ತಿನ ಮನೆಯೆತ್ತರದ ಒಂದು ಕೊಳಲು, ಒಂದೇ ಒಂದು ಸ್ವರಕ್ಕೆ!

ಇನ್ನು ಹುಲಿಯ ವಿಷಯ. ಮನುಷ್ಯನ ಕಿವಿ ಸುಮಾರು 20 ಹರ್ಟ್ಜ್‌ವರೆಗೆ ಕೇಳುತ್ತದೆ. ಅದಕ್ಕಿಂತ ಕೆಳಗಿನದು ಅವಶ್ರವ್ಯ ಶಬ್ದ. 2000ರಲ್ಲಿ ಅಮೆರಿಕದ ವಿಜ್ಞಾನಿಗಳು ಸಾಕಿದ ಹುಲಿಗಳ ದನಿಯನ್ನು ಮುದ್ರಿಸಿ ನೋಡಿದಾಗ, ಅದರಲ್ಲಿ 18 ಹರ್ಟ್ಜ್ ಮತ್ತು ಅದಕ್ಕಿಂತ ಕೆಳಗಿನ ಕಂಪನಗಳೂ ಸೇರಿರುವುದು ಕಂಡುಬಂತು. ಹುಲಿಯ ಗರ್ಜನೆ ಕೇಳಿದವರಿಗೆ ಮೈ ಜುಮ್ಮೆನ್ನುವುದಕ್ಕೆ ಕಿವಿಗೆ ನಿಲುಕದ ಈ ಭಾಗವೂ ಒಂದು ಕಾರಣವಿರಬಹುದೆಂದು ಅವರ ಊಹೆ.

ಈ 18 ಹರ್ಟ್ಜ್ ಬೇಕೆಂದರೆ ತೆರೆದ ಕೊಳವೆ 31 ಅಡಿ ಇರಬೇಕು. ಮುಚ್ಚಿದ ಕೊಳವೆಯಾದರೂ 16 ಅಡಿ. ಮರದ ಹುಲಿಯ ಒಟ್ಟು ಉದ್ದವೇ ಆರಡಿಯಿಲ್ಲ. ಅದರ ತಲೆಯೊಳಗೆ ಒಂದಡಿಯ ಮುಚ್ಚಿದ ಕೊಳವೆ ಹಿಡಿಯಿತೆಂದೇ ಇಟ್ಟುಕೊಳ್ಳೋಣ. ಅದು ನುಡಿಯುವುದು ಸುಮಾರು 287 ಹರ್ಟ್ಜ್. ಅಂದರೆ ನಿಜವಾದ ಹುಲಿಯ ಅತಿ ತಗ್ಗಿನ ದನಿ ಅದಕ್ಕಿಂತ ನಾಲ್ಕು ಸ್ಥಾಯಿ ಕೆಳಗೆ! ಶ್ರೀರಂಗಪಟ್ಟಣದ ಕುಶಲಕರ್ಮಿ ಎದುರಿಸಿದ ಗೋಡೆ ಇದೇ.

ಸುತ್ತಿಟ್ಟ ಕೊಳವೆ

ಉದ್ದ ಬೇಕು, ಜಾಗವಿಲ್ಲ ಎಂದಾಗ ಹೊಳೆಯುವ ಮೊದಲ ಉಪಾಯ ಕೊಳವೆಯನ್ನು ಸುತ್ತಿಡುವುದು. ಇದನ್ನು ಕಾಣಬೇಕಾದರೆ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಗೆ ಹೋಗಬೇಕು. ಚೆಲುವನಾರಾಯಣಸ್ವಾಮಿಯ ವೈರಮುಡಿ ಉತ್ಸವಕ್ಕೆ ಬರುವ ಜನಸಾಗರದಲ್ಲಿ ಶಂಖ, ಜಾಗಟೆ ಹಿಡಿದ ದಾಸಯ್ಯಗಳು ಕಣ್ಣಿಗೆ ಬೀಳುತ್ತಾರೆ. ಮಂಡ್ಯ ಸೀಮೆಯ ಒಕ್ಕಲು ಮನೆಗಳಲ್ಲಿ ಹರಿಸೇವೆಗಾಗಲಿ, ಸಾವಿನ ಮನೆಗಾಗಲಿ ದಾಸಯ್ಯ ಬರಲೇಬೇಕು. ಅವನ ಶಂಖದ ಸದ್ದು ಊರಾಚೆಯ ಗದ್ದೆಯಲ್ಲಿರುವವರಿಗೂ ಸುದ್ದಿ ಮುಟ್ಟಿಸುತ್ತದೆ.

ಶಂಖದ ಒಳಗೆ ಇರುವುದು ಸುರುಳಿ ಸುತ್ತಿದ, ಬರಬರುತ್ತ ಅಗಲವಾಗುವ ಒಂದು ಕೊಳವೆ. ಊದುವವನ ತುಟಿಗಳು ಪಟಪಟನೆ ಅದುರಿ ಗಾಳಿಯನ್ನು ತುಂಡು ತುಂಡಾಗಿ ಒಳಗೆ ಬಿಡುತ್ತವೆ; ಸುರುಳಿಯೊಳಗಿನ ಗಾಳಿ ಅದಕ್ಕೆ ತಾಳ ಹಾಕುತ್ತದೆ. ಅಂಗೈಯಲ್ಲಿ ಹಿಡಿಯುವ ಚಿಪ್ಪಿನಿಂದ ಅದರ ಗಾತ್ರಕ್ಕೆ ಮೀರಿದ ದನಿ ಬರುವ ಗುಟ್ಟು ಇದು. ಆದರೂ ಶಂಖದ ದನಿ ನಿಜಕ್ಕೂ ಮಂದ್ರವಲ್ಲ. ಸುರುಳಿ ಬಿಚ್ಚಿದರೂ ಅದರ ಉದ್ದ ಅಷ್ಟಕ್ಕಷ್ಟೆ.

ಹಿತ್ತಾಳೆಯ ಕೊಂಬು ಇದಕ್ಕಿಂತ ಒಂದು ಹೆಜ್ಜೆ ಮುಂದೆ. ಆರಡಿ ಕೊಳವೆಯನ್ನು ಅರ್ಧಚಂದ್ರದಂತೆ ಬಾಗಿಸಿದರೆ ಅದು ನೂರು ಹರ್ಟ್ಜ್ ಸುತ್ತಮುತ್ತ ಇಳಿಯಬಲ್ಲದು. ಆದರೆ ಕೊಂಬೂದುವವರು ಸಾಮಾನ್ಯವಾಗಿ ಅದರ ಮೇಲಿನ ಸ್ವರಗಳನ್ನೇ ಎತ್ತುತ್ತಾರೆ, ಏಕೆಂದರೆ ಜಾತ್ರೆಯ ಗದ್ದಲದಲ್ಲಿ ತೂರಿ ಹೋಗುವುದು ಅವೇ. ಬಾಗಿಸದೆ ನೇರವಾಗಿಯೇ ಉದ್ದ ಮಾಡಿದರೆ ಏನಾಗುತ್ತದೆಂದು ತಿಳಿಯಬೇಕಿದ್ದರೆ ನೆರೆಯ ಮೈಸೂರು ಜಿಲ್ಲೆಯ ಬೈಲಕುಪ್ಪೆಯ ಟಿಬೆಟನ್ ವಿಹಾರಗಳಲ್ಲಿ ಪೂಜೆಯ ಹೊತ್ತು ನಿಲ್ಲಬೇಕು. ಅಲ್ಲಿನ ಲಾಮಾಗಳು ನೆಲಕ್ಕೆ ಊರಿ ಊದುವ ‘ದುಂಗ್‌ಚೆನ್’ ಎಂಬ ಉದ್ದ ಕಹಳೆ ಹತ್ತಡಿಯವರೆಗೂ ಇರುತ್ತದೆ. ಅದರ ದನಿ ಕಿವಿಗೆ ಬೀಳುವ ಮೊದಲೇ ಎದೆಗೂಡಿಗೆ ತಾಗಿದಂತಾಗುತ್ತದೆ. ಸಾಗಿಸಲು ಸುಲಭವಾಗಲೆಂದು ಅದನ್ನು ಒಂದರೊಳಗೊಂದು ಜಾರುವ ತುಂಡುಗಳಾಗಿ ಮಾಡಿರುತ್ತಾರೆ.

ಗಡಿಗೆಯ ಹೊಟ್ಟೆ

ಎರಡನೆಯ ಉಪಾಯಕ್ಕೆ ಯಾವ ಗುಡಿಗೂ ಹೋಗಬೇಕಾಗಿಲ್ಲ. ಅಡುಗೆಮನೆಗೆ ಹೋದರೆ ಸಾಕು. ಖಾಲಿ ಸೀಸೆಯ ಬಾಯಿಗೆ ತುಟಿ ತಾಗಿಸಿ ಅಡ್ಡಲಾಗಿ ಊದಿದರೆ ‘ಭೋಂ’ ಎನ್ನುತ್ತದೆ. ಮಕ್ಕಳೆಲ್ಲ ಮಾಡಿರುವ ಆಟವೇ ಇದು. ಆದರೆ ಲೆಕ್ಕ ಹಾಕಿ ನೋಡಿದರೆ ಸೋಜಿಗವಾಗುತ್ತದೆ. ಒಂದಡಿ ಎತ್ತರದ, ಮುಕ್ಕಾಲು ಲೀಟರ್ ಹಿಡಿಯುವ ಸೀಸೆ ಸುಮಾರು 110 ಹರ್ಟ್ಜ್ ನುಡಿಯುತ್ತದೆ. ಅದೇ ಉದ್ದದ ಮುಚ್ಚಿದ ಕೊಳವೆ 287 ಹರ್ಟ್ಜ್ ನುಡಿಯುತ್ತದೆಂದು ಮೇಲೆ ನೋಡಿದೆವು. ಉದ್ದ ಒಂದೇ, ದನಿ ಮಾತ್ರ ಒಂದು ಸ್ಥಾಯಿಗಿಂತಲೂ ಕೆಳಗೆ. ಇದು ಹೇಗೆ?

ಇಲ್ಲಿ ಅಲೆ ಕೂರುವ ಪ್ರಶ್ನೆಯೇ ಇಲ್ಲ. ಸೀಸೆಯ ಕತ್ತಿನಲ್ಲಿರುವ ಗಾಳಿ ಒಂದು ತೂಕದಂತೆ, ಹೊಟ್ಟೆಯಲ್ಲಿರುವ ಗಾಳಿ ಒಂದು ಸ್ಪ್ರಿಂಗಿನಂತೆ. ಊದಿದಾಗ ಕತ್ತಿನ ಗಾಳಿ ಒಳಗೆ ಜಾರುತ್ತದೆ, ಹೊಟ್ಟೆಯ ಗಾಳಿ ಅದನ್ನು ಹೊರಕ್ಕೆ ತಳ್ಳುತ್ತದೆ. ಹೊಟ್ಟೆ ದೊಡ್ಡದಾದಷ್ಟೂ ಸ್ಪ್ರಿಂಗ್ ಸಡಿಲ, ಕತ್ತು ಸಣ್ಣದಾಗಿ ಉದ್ದವಾದಷ್ಟೂ ಆಟ ನಿಧಾನ, ದನಿ ತಗ್ಗು. ಹತ್ತೊಂಬತ್ತನೇ ಶತಮಾನದಲ್ಲಿ ಜರ್ಮನಿಯ ಹರ್ಮನ್ ಹೆಲ್ಮ್‌ಹೋಲ್ಟ್ಜ್ ಎಂಬ ವಿಜ್ಞಾನಿ ಇದನ್ನು ಬಿಡಿಸಿ ಹೇಳಿದ. ನಲ್ಲಿಯಡಿ ಇಟ್ಟ ಕೊಡ ತುಂಬುತ್ತ ಬಂದಂತೆ ಸದ್ದು ಏರುವುದನ್ನು ಕೇಳಿಯೇ ‘ಕೊಡ ತುಂಬಿತು’ ಎಂದು ಒಳಗಿನಿಂದ ಕೂಗುವ ಗೃಹಿಣಿಗೆ ಹೆಲ್ಮ್‌ಹೋಲ್ಟ್ಜ್‌ನ ಹಂಗಿಲ್ಲ. ನೀರು ಏರಿದಂತೆ ಕೊಡದಲ್ಲಿ ಗಾಳಿಗೆ ಇರುವ ಜಾಗ ಕಡಿಮೆಯಾಗುತ್ತದೆ, ದನಿ ಮೇಲೇರುತ್ತದೆ. ಅಷ್ಟೇ ವಿಷಯ.

ಗಣಪತಿ ಮೆರವಣಿಗೆಯಲ್ಲಿ ಲಾರಿಯ ಮೇಲೆ ಜೋಡಿಸಿ ತರುವ ಡಿ.ಜೆ. ಪೆಟ್ಟಿಗೆಗಳನ್ನು ಹತ್ತಿರದಿಂದ ನೋಡಿ. ಅವುಗಳಲ್ಲಿ ಹಲವಕ್ಕೆ ಮುಂಭಾಗದಲ್ಲಿ ಒಂದು ತೂತು ಅಥವಾ ಸೀಳು ಇರುತ್ತದೆ. ಅದು ಗಡಿಗೆಯ ಬಾಯಿಯೇ. ಇನ್ನು ಕೆಲವು ಪೆಟ್ಟಿಗೆಗಳ ಒಳಗೆ ಹಲಗೆಗಳನ್ನು ಅಡ್ಡ ಕಟ್ಟಿ ಗಾಳಿಯ ಹಾದಿಯನ್ನು ಮಡಿಸಿರುತ್ತಾರೆ. ಅದು ಶಂಖ. ಬೇಸ್ ಎಂದು ಹುಡುಗರು ಕುಣಿಯುವ ಸದ್ದಿನಲ್ಲಿ ಕುಂಬಾರನ ವಿದ್ಯೆಯೂ ದಾಸಯ್ಯನ ವಿದ್ಯೆಯೂ ಕೂಡಿಕೊಂಡಿವೆ.

ಗಾಳಿಯನ್ನು ಕತ್ತರಿಸುವ ವಿದ್ಯೆ

ಮೂರನೆಯ ಉಪಾಯ ಎಲ್ಲಕ್ಕಿಂತ ಚುರುಕಿನದು. ಅದನ್ನು ನಾಗಮಂಗಲದಿಂದ ಶುರು ಮಾಡೋಣ. ಹಿತ್ತಾಳೆ, ಕಂಚಿನ ಎರಕದ ಕೆಲಸಕ್ಕೆ ಹಿಂದಿನಿಂದ ಹೆಸರಾದ ಊರು ಅದು. ಎರಕವೆಂದರೆ ಕುಲುಮೆ, ಕುಲುಮೆಯೆಂದರೆ ತಿದಿ. ತೊಗಲಿನ ತಿದಿಯನ್ನು ಒತ್ತಿದರೆ ಗಾಳಿ ಬುಸ್ಸೆಂದು ಹೊರಡುತ್ತದೆ. ಆ ಬುಸ್ಸಿನಲ್ಲಿ ಬೇಕಾದಷ್ಟು ಗಾಳಿ ಇದೆ, ಸ್ವರವಿಲ್ಲ. ಆದರೆ ಆ ಗಾಳಿಯ ದಾರಿಯಲ್ಲಿ ಒಂದು ಹಿತ್ತಾಳೆಯ ನಾಲಿಗೆಯನ್ನು ಇಟ್ಟರೆ? ಅದು ಹಾರ್ಮೋನಿಯಂ.

ನಾಗಮಂಗಲವೇನು, ಮಂಡ್ಯ ಸೀಮೆಯ ಯಾವ ಹಳ್ಳಿಯಲ್ಲೇ ಆಗಲಿ ‘ಕುರುಕ್ಷೇತ್ರ’ ನಾಟಕ ಆಡುವುದೆಂದರೆ ಮೊದಲು ಹಾರ್ಮೋನಿಯಂ ಮೇಷ್ಟ್ರು ಗೊತ್ತಾಗಬೇಕು. ದುರ್ಯೋಧನನ ಪಾತ್ರಧಾರಿ ಎಷ್ಟು ಎತ್ತರಕ್ಕೆ ಏರಿದರೂ ಕೆಳಗಿನ ಷಡ್ಜ ಅವನ ಕೈ ಬಿಡುವುದಿಲ್ಲ. ಆ ಕೆಳಗಿನ ಷಡ್ಜ ಹುಟ್ಟುವುದು ಬೆರಳುದ್ದದ ಒಂದು ಹಿತ್ತಾಳೆ ಪಟ್ಟಿಯಿಂದ. 65 ಹರ್ಟ್ಜ್‌ನ ಸ್ವರಕ್ಕೆ ಮುಚ್ಚಿದ ಕೊಳವೆ ನಾಲ್ಕಡಿಗೂ ಹೆಚ್ಚು ಬೇಕಾದರೆ, ಇಲ್ಲಿ ಬೆರಳುದ್ದ ಸಾಕು. ಏಕೆಂದರೆ ಹಾರ್ಮೋನಿಯಂನಲ್ಲಿ ದನಿಯನ್ನು ನಿರ್ಧರಿಸುವುದು ಗಾಳಿಯ ಉದ್ದವಲ್ಲ, ನಾಲಿಗೆಯ ಬಿಗಿ ಮತ್ತು ತೂಕ. ತುದಿಯನ್ನು ತುಸು ಭಾರ ಮಾಡಿದರೆ ನಾಲಿಗೆ ನಿಧಾನವಾಗಿ ಆಡುತ್ತದೆ. ಅದು ಸೆಕೆಂಡಿಗೆ ಎಷ್ಟು ಸಲ ಬಾಗಿಲು ತೆರೆದು ಮುಚ್ಚುತ್ತದೋ ಅಷ್ಟು ತುಂಡುಗಳಾಗಿ ಗಾಳಿ ಹೊರಬರುತ್ತದೆ. ಆ ತುಂಡುಗಳೇ ಸ್ವರ.

ಇಲ್ಲಿಗೆ ಮುಖ್ಯವಾದ ಒಂದು ಮಾತು ಹೊಳೆಯುತ್ತದೆ. ಗಾಳಿಯನ್ನು ಕತ್ತರಿಸುವ ಸಾಧನವಿದ್ದರೆ ದೊಡ್ಡ ವಾದ್ಯ ಬೇಕಾಗಿಲ್ಲ. ಫ್ರಾನ್ಸಿನ ಕಾನ್ಯಾರ್ ದ ಲಾ ತೂರ್ ಎಂಬಾತ 1819ರಲ್ಲಿ ಮಾಡಿದ್ದು ಇದನ್ನೇ. ತೂತುಗಳಿರುವ ಒಂದು ತಟ್ಟೆಯನ್ನು ತಿರುಗಿಸಿ, ಅದಕ್ಕೆ ಗಾಳಿ ಹಾಯಿಸಿದ. ತೂತು ಎದುರಾದಾಗ ಗಾಳಿ ಹೊರಗೆ, ತೂತು ಸರಿದಾಗ ಬಂದ್. ತಟ್ಟೆ ಬೇಗ ತಿರುಗಿದರೆ ಕೀರಲು, ನಿಧಾನವಾದರೆ ಮಂದ್ರ. ಆತ ಅದಕ್ಕೆ ಇಟ್ಟ ಹೆಸರೇ ‘ಸೈರನ್’. ಕಾರ್ಖಾನೆಯಲ್ಲಿ ಪಾಳಿ ಬದಲಾಗುವಾಗ ಕೂಗುವ ಸೈರನ್ ಕೆಳಗಿನಿಂದ ಮೇಲಕ್ಕೆ ಏರುತ್ತ ಹೋಗುವುದು ತಟ್ಟೆ ವೇಗ ಪಡೆಯುವುದರಿಂದ.

ಇದೇ ದಾರಿಯಲ್ಲಿ ಮುಂದೆ ಹಲವರು ನಡೆದರು. ಇಪ್ಪತ್ತನೇ ಶತಮಾನದ ಆರಂಭದಲ್ಲಿ, ಉಗಿ ಟರ್ಬೈನಿನಿಂದ ಹೆಸರಾದ ಇಂಗ್ಲೆಂಡಿನ ಚಾರ್ಲ್ಸ್ ಪಾರ್ಸನ್ಸ್, ಒತ್ತಿದ ಗಾಳಿಯ ಕವಾಟವನ್ನು ಗ್ರಾಮಫೋನಿನ ಮುಳ್ಳಿನಿಂದ ಆಡಿಸಿ ‘ಆಕ್ಸೆಟೊಫೋನ್’ ಎಂಬ ಭಾರಿ ದನಿಯ ಯಂತ್ರ ಮಾಡಿದ. ಮಂಜು ಕವಿದ ಕಡಲಿನಲ್ಲಿ ಹಡಗುಗಳಿಗೆ ಎಚ್ಚರಿಕೆ ಕೊಡಲು, ಒತ್ತಿದ ಗಾಳಿಯಿಂದ ಹಿಂದೆ ಮುಂದೆ ಓಡುವ ಕೊಂತದ ‘ಡಯಾಫೋನ್’ ಎಂಬ ಕೂಗುಯಂತ್ರಗಳು ದೀಪಸ್ತಂಭಗಳಿಗೆ ಬಂದವು. ತಗ್ಗು ದನಿ ಮಂಜಿನಲ್ಲೂ ಮೈಲಿಗಟ್ಟಲೆ ಹೋಗುತ್ತದೆ.

ಈ ಸಾಲಿನ ಇತ್ತೀಚಿನ ಚಮತ್ಕಾರ ಒಂದು ಫ್ಯಾನು. ಸಾಮಾನ್ಯ ಧ್ವನಿವರ್ಧಕದ ಕಷ್ಟವೇನೆಂದರೆ, ಸದ್ದಿನ ಜೋರು ಅಷ್ಟೇ ಇರಬೇಕಾದರೆ ಕಂಪನ ಅರ್ಧಕ್ಕೆ ಇಳಿದಾಗ ಅದು ತಳ್ಳಬೇಕಾದ ಗಾಳಿ ನಾಲ್ಕರಷ್ಟಾಗುತ್ತದೆ. 40 ಹರ್ಟ್ಜ್‌ನಿಂದ 10ಕ್ಕೆ ಇಳಿದರೆ ಹದಿನಾರರಷ್ಟು. ಯಾವ ಕಾಗದದ ಶಂಕುವೂ ಅಷ್ಟು ದೂರ ಆಡಲಾರದು. ಅಮೆರಿಕದ ಬ್ರೂಸ್ ಥಿಗ್‌ಪೆನ್ ಎಂಬ ಎಂಜಿನಿಯರ್ ಶಂಕುವನ್ನೇ ಕೈಬಿಟ್ಟ. ಒಂದೇ ವೇಗದಲ್ಲಿ ತಿರುಗುವ ಫ್ಯಾನಿನ ರೆಕ್ಕೆಗಳನ್ನು ಬುಡದಲ್ಲಿ ಹೊರಳುವಂತೆ ಮಾಡಿದ. ರೆಕ್ಕೆ ಮಟ್ಟಸವಾಗಿದ್ದಾಗ ಗಾಳಿ ಅಲುಗುವುದಿಲ್ಲ. ಆ ಕಡೆ ವಾಲಿದರೆ ಗಾಳಿ ಮುಂದಕ್ಕೆ, ಈ ಕಡೆ ವಾಲಿದರೆ ಹಿಂದಕ್ಕೆ. ಸಂಗೀತದ ಸಂಜ್ಞೆಯಂತೆ ರೆಕ್ಕೆ ಹೊರಳಿದರೆ ಕೋಣೆಯ ಗಾಳಿಯೆಲ್ಲ ಅದರಂತೆ ಉಸಿರಾಡುತ್ತದೆ. ಸೆಕೆಂಡಿಗೆ ಒಂದೇ ಕಂಪನದವರೆಗೂ ಇದು ಇಳಿಯುತ್ತದೆ. ಕಿವಿಗೆ ಏನೂ ಕೇಳುವುದಿಲ್ಲ, ಬಾಗಿಲುಗಳು ಮಾತ್ರ ಅಲುಗುತ್ತವೆ.

ಬಾಗಿಲು ಬಡಿಯುವ ಸದ್ದು

ಕಿವಿಗೆ ಕೇಳದೆ ಬಾಗಿಲು ಅಲುಗಿಸುವ ಸದ್ದು ಎಂದರೆ ಪಾಂಡವಪುರ, ಶ್ರೀರಂಗಪಟ್ಟಣ ತಾಲ್ಲೂಕಿನವರಿಗೆ ವಿವರಿಸಿ ಹೇಳಬೇಕಾಗಿಲ್ಲ. 2018ರ ಸೆಪ್ಟೆಂಬರ್ 25ರಂದು ಕೃಷ್ಣರಾಜಸಾಗರದ ಸುತ್ತಮುತ್ತ ಭಾರಿ ಸದ್ದು ಕೇಳಿಬಂತು; ಅಣೆಕಟ್ಟೆಯ ಬಳಿಯ ಭೂಕಂಪನ ಮಾಪಕದಲ್ಲೂ ಅದು ದಾಖಲಾಯಿತು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಕಲ್ಲುಗಣಿಗಳ ಸ್ಫೋಟದತ್ತ ಬೊಟ್ಟು ಮಾಡಿ, ಅಣೆಕಟ್ಟೆಯಿಂದ 20 ಕಿ.ಮೀ. ವ್ಯಾಪ್ತಿಯಲ್ಲಿ ಗಣಿಗಾರಿಕೆ ನಿಲ್ಲಿಸಬೇಕೆಂದು ಸೂಚಿಸಿತು. ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದ ಹೆಸರು ಅಂದಿನಿಂದ ರಾಜ್ಯಕ್ಕೆಲ್ಲ ಪರಿಚಿತ. 2024ರ ಜನವರಿಯಲ್ಲಿ ಹೈಕೋರ್ಟ್ ಅದೇ 20 ಕಿ.ಮೀ. ವ್ಯಾಪ್ತಿಯಲ್ಲಿ ಗಣಿಗಾರಿಕೆಗೆ ತಡೆ ನೀಡಿ ಆದೇಶ ಹೊರಡಿಸಿತು.

ಬಂಡೆ ಸಿಡಿಸುವುದೆಂದರೆ, ನಮ್ಮ ವಿಷಯದ ಮಟ್ಟಿಗೆ ಹೇಳುವುದಾದರೆ, ಗಾಳಿಯನ್ನು ಅಲುಗಿಸುವ ಅತಿ ದೊಡ್ಡ ಮತ್ತು ಅತಿ ಒರಟಾದ ವಿಧಾನ. ಮದ್ದು ಸಿಡಿದಾಗ ಬಂಡೆಯ ಮುಖವೇ ಒಂದು ಭಾರಿ ಧ್ವನಿವರ್ಧಕದಂತೆ ಮುಂದಕ್ಕೆ ನೂಕಿ ಗಾಳಿಗೆ ಪೆಟ್ಟು ಕೊಡುತ್ತದೆ. ಆ ಪೆಟ್ಟಿನ ಶಕ್ತಿಯಲ್ಲಿ ಬಹುಪಾಲು 20 ಹರ್ಟ್ಜ್‌ಗಿಂತ ಕೆಳಗಿರುತ್ತದೆ. ಮನೆಯ ಗೋಡೆ, ಸೂರು, ಕಿಟಕಿಗಳು ತಾವಾಗಿ ಅಲುಗಲು ಇಷ್ಟಪಡುವ ಕಂಪನಗಳೂ ಹೆಚ್ಚು ಕಡಿಮೆ ಅಲ್ಲೇ ಇವೆ. ಆದ್ದರಿಂದ ಕಿವಿಗೆ ಅಷ್ಟೇನೂ ಜೋರೆನಿಸದ ಸದ್ದಿಗೂ ಪಾತ್ರೆಗಳು ಗಲಗಲಿಸುತ್ತವೆ, ಮನೆಯವರು ಭೂಮಿ ನಡುಗಿತೆಂದು ಬೀದಿಗೆ ಓಡುತ್ತಾರೆ.

ಬಂದದ್ದು ನೆಲದಿಂದಲೋ ಗಾಳಿಯಿಂದಲೋ ಎಂದು ತಕ್ಕಮಟ್ಟಿಗೆ ಗುರುತಿಸಲು ಒಂದು ದಾರಿಯಿದೆ. ಕಂಪನ ಗಟ್ಟಿ ಬಂಡೆಯಲ್ಲಿ ಸೆಕೆಂಡಿಗೆ ಕಿಲೋಮೀಟರುಗಟ್ಟಲೆ ಓಡುತ್ತದೆ, ಗಾಳಿಯಲ್ಲಿ 345 ಮೀಟರ್ ಮಾತ್ರ. ಐದು ಕಿ.ಮೀ. ದೂರದಲ್ಲಿ ಸ್ಫೋಟವಾದರೆ ನೆಲದ ಅದುರು ಒಂದೆರಡು ಸೆಕೆಂಡಿನಲ್ಲಿ ಮುಟ್ಟುತ್ತದೆ, ಗಾಳಿಯ ಪೆಟ್ಟು ಹದಿನಾಲ್ಕು ಹದಿನೈದು ಸೆಕೆಂಡಿಗೆ ಬರುತ್ತದೆ. ಮೊದಲು ಕಾಲಡಿಯಲ್ಲಿ ಸಣ್ಣ ನಡುಕ, ಆಮೇಲೆ ತಡವಾಗಿ ಕಿಟಕಿಗೆ ಗುದ್ದು ಎಂದರೆ ಸದ್ದು ಹುಟ್ಟಿದ ಜಾಗ ಅಷ್ಟು ದೂರದಲ್ಲಿದೆ ಎಂದೇ ಅರ್ಥ. ಮಿಂಚು ಗುಡುಗಿನ ನಡುವಣ ಹೊತ್ತನ್ನು ಎಣಿಸುವ ರೈತನಿಗೆ ಈ ಲೆಕ್ಕ ಹೊಸದಲ್ಲ. ಅಣೆಕಟ್ಟೆಯ ಕ್ಷೇಮಕ್ಕೆ ಮುಖ್ಯವಾದದ್ದು ಈ ಎರಡರಲ್ಲಿ ನೆಲದ ಕಂಪನ; ಕಿಟಕಿ ಬಡಿದದ್ದನ್ನಷ್ಟೇ ನೋಡಿ ಹೆದರುವುದೂ, ಕಿಟಕಿ ಬಡಿಯಲಿಲ್ಲವೆಂದು ಸುಮ್ಮನಿರುವುದೂ ಎರಡೂ ತಪ್ಪಾಗುತ್ತದೆ.

ಮರಳಿ ಹುಲಿಯ ಬಳಿಗೆ

ಇಷ್ಟು ಸುತ್ತಿ ಬಂದ ಮೇಲೆ ಅರಮನೆಯ ಹುಲಿಯನ್ನು ಇನ್ನೊಮ್ಮೆ ನೋಡಬೇಕು. ಅದನ್ನು ಮಾಡಿದವರಿಗೆ ಹದಿನಾರಡಿಯ ಕೊಳವೆ ಇಡಲು ಜಾಗವಿರಲಿಲ್ಲ. ಸೈರನ್ ಹುಟ್ಟಲು ಇನ್ನೂ ಕಾಲು ಶತಮಾನ ಬಾಕಿಯಿತ್ತು. ವಿದ್ಯುತ್ತಿನ ಮಾತೇ ಇಲ್ಲ. ಕೈಯಲ್ಲಿದ್ದದ್ದು ಮರ, ತೊಗಲು, ಹಿತ್ತಾಳೆ ಮತ್ತು ಕುಲುಮೆಯ ತಿದಿ. ಹುಲಿಯ ಸ್ವರವನ್ನು ಮುಟ್ಟಲಾಗದೆಂದು ಕಂಡಾಗ ಅವರು ಹಿಡಿದದ್ದು ಹುಲಿಯ ಉಸಿರನ್ನು. ನಿಜವಾದ ಹುಲಿ ಗುರುಗುಟ್ಟುವುದು ಉಸಿರಿನ ಲಯದಲ್ಲಿ. ತಲೆಯೊಳಗಿನ ತಿದಿಯೂ ತುಂಬಿ ಬರಿದಾಗುತ್ತ ಅದೇ ಲಯವನ್ನು ಹಿಡಿಯುತ್ತದೆ. ಒಂದೇ ಸ್ವರವಾಗಿದ್ದರೆ ಪೀಪಿಯಂತೆ ಕೇಳುತ್ತಿತ್ತು, ಎರಡು ಸ್ವರ ಕೊಟ್ಟದ್ದರಿಂದ ಗಂಟಲಾಯಿತು. ಪಕ್ಕದಲ್ಲೇ ಮನುಷ್ಯನ ಎತ್ತರದ ನರಳಾಟವನ್ನು ಇಟ್ಟದ್ದರಿಂದ ಹುಲಿಯ ದನಿ ಇನ್ನಷ್ಟು ತಗ್ಗಾಗಿ ಕೇಳುತ್ತದೆ. ಕಿವಿ ಅಳೆಯುವುದು ಹೋಲಿಸಿಯೇ ತಾನೆ? ಅಸಾಧ್ಯವಾದುದನ್ನು ಸಾಧಿಸಿದರು ಎನ್ನುವುದಕ್ಕಿಂತ, ಅಸಾಧ್ಯವೆಂದು ತಿಳಿದು ಕೇಳುವವನ ಮನಸ್ಸಿನಲ್ಲಿ ಅದನ್ನು ಹುಟ್ಟಿಸಿದರು ಎನ್ನುವುದು ಸರಿ.

ಆ ಕೈಗಳು ಯಾರವು? ಮರದ ಕೆತ್ತನೆ, ಬಣ್ಣಗಾರಿಕೆ ನಮ್ಮ ಸೀಮೆಯದು. ಒಳಗಿನ ಯಂತ್ರದಲ್ಲಿ ಫ್ರೆಂಚರ ಕೈವಾಡವಿರಬಹುದೆಂದು ವಿದ್ವಾಂಸರು ಹೇಳುವುದುಂಟು. ಅದು ಅಸಂಭವವೇನಲ್ಲ. ಟಿಪ್ಪು 1787ರಲ್ಲಿ ಫ್ರಾನ್ಸಿನ ದೊರೆ ಹದಿನಾರನೇ ಲೂಯಿಯ ಆಸ್ಥಾನಕ್ಕೆ ಕಳಿಸಿದ ರಾಯಭಾರಿಗಳು ಅಲ್ಲಿಂದ ಕುಶಲಕರ್ಮಿಗಳನ್ನು ಕರೆತಂದಿದ್ದರು. ಹೈದರ್, ಟಿಪ್ಪು ಇಬ್ಬರ ಸೇನೆಯಲ್ಲೂ ಫ್ರೆಂಚರಿದ್ದರು. ಅವರು ಬೀಡು ಬಿಟ್ಟಿದ್ದ ಹಿರೋಡೆಗೆ ‘ಫ್ರೆಂಚ್ ರಾಕ್ಸ್’ ಎಂಬ ಹೆಸರೇ ಬಿತ್ತು. ಅದೇ ಇಂದಿನ ಪಾಂಡವಪುರ. ಫ್ರೆಂಚರ ಗಡಿಯಾರದ ವಿದ್ಯೆ ಮತ್ತು ನಮ್ಮವರ ಕುಲುಮೆಯ ವಿದ್ಯೆ ಆ ಹುಲಿಯ ಹೊಟ್ಟೆಯಲ್ಲಿ ಕೂಡಿದ್ದರೆ ಆಶ್ಚರ್ಯವಿಲ್ಲ. ಮಾಡಿಸಿದ ಅರಸನ ಹೆಸರು ಉಳಿಯಿತು, ಮಾಡಿದವರ ಒಂದು ಹೆಸರೂ ಉಳಿಯಲಿಲ್ಲ.

ಮುಂದಿನ ಕಥೆ ಬೇಗ ಮುಗಿಯುತ್ತದೆ. 1800ರಲ್ಲಿ ಹುಲಿಯನ್ನು ಹಡಗಿಗೇರಿಸಿ ಲಂಡನ್ನಿಗೆ ಸಾಗಿಸಿದರು. 1808ರಿಂದ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ ಜನರ ನೋಟಕ್ಕೆ ಇಟ್ಟರು. ಬಂದವರೆಲ್ಲ ಹಿಡಿಕೆ ತಿರುಗಿಸಿ ತಿರುಗಿಸಿ, ಪಕ್ಕದ ಗ್ರಂಥಾಲಯದಲ್ಲಿ ಓದುವವರಿಗೆ ತಲೆ ಚಿಟ್ಟು ಹಿಡಿಸಿದರು. ಕೊನೆಗೆ ಹಿಡಿಕೆಯೇ ಕಳೆದುಹೋಗಿ ಅದು ಮೂಕವಾದಾಗ, 1869ರಲ್ಲಿ ಅಲ್ಲಿನ ‘ಅಥೀನಿಯಂ’ ಪತ್ರಿಕೆ ಪೀಡೆ ತೊಲಗಿತೆಂಬಂತೆ ಬರೆಯಿತು. 1880ರ ಹೊತ್ತಿಗೆ ಅದು ಈಗ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಎಂದು ಕರೆಯುವ ವಸ್ತುಸಂಗ್ರಹಾಲಯ ಸೇರಿತು. ಎರಡನೇ ಮಹಾಯುದ್ಧದಲ್ಲಿ ಬಾಂಬು ಬಿದ್ದು ಛಾವಣಿ ಕುಸಿದಾಗ ಮರದ ಮೈ ನೂರಾರು ಚೂರಾಯಿತು. ಮತ್ತೆ ಜೋಡಿಸಿ 1947ರಲ್ಲಿ ಪ್ರದರ್ಶನಕ್ಕಿಟ್ಟರು. ನಡುವೆ ಆದ ರಿಪೇರಿಗಳಲ್ಲಿ ಒಳಗಿನ ಯಂತ್ರವೂ ಬಹಳಷ್ಟು ಬದಲಾಗಿದೆ. ಈಗ ಗಾಜಿನ ಪೆಟ್ಟಿಗೆಯೊಳಗಿರುವ ಆ ಮುದಿ ಹುಲಿಯ ಹಿಡಿಕೆಯನ್ನು ಸಿಕ್ಕಸಿಕ್ಕವರು ತಿರುಗಿಸುವಂತಿಲ್ಲ, ಧ್ವನಿಮುದ್ರಣದಲ್ಲಿ ಕೇಳಬಹುದು.

ಅದನ್ನು ವಾಪಸು ತರಬೇಕೇ ಬೇಡವೇ ಎಂಬುದು ಬೇರೆ ಚರ್ಚೆ. ಟಿಪ್ಪುವಿನ ಬಗ್ಗೆ ಇರುವ ಪರ ವಿರೋಧಗಳೂ ಮುಗಿಯುವಂಥವಲ್ಲ. ಆದರೆ ಸದ್ದನ್ನು ವಾಪಸು ತರಲು ಯಾರ ಅಪ್ಪಣೆಯೂ ಬೇಕಾಗಿಲ್ಲ. ಹುಲಿಯ ಅಳತೆಗಳು, ಒಳಗಿನ ರಚನೆಯ ವಿವರಗಳು ಅಚ್ಚಾಗಿವೆ. ಮರ ಕೆತ್ತುವವರು ಈ ಸೀಮೆಯಲ್ಲಿದ್ದಾರೆ, ಹಿತ್ತಾಳೆ ಎರೆಯುವವರಿದ್ದಾರೆ, ಹಾರ್ಮೋನಿಯಂ ರಿಪೇರಿ ಮಾಡುವವರಿದ್ದಾರೆ. ಒಬ್ಬ ವಿಜ್ಞಾನದ ಮೇಷ್ಟ್ರು ಜೊತೆಗೂಡಿದರೆ, ಹಿಡಿಕೆ ತಿರುಗಿಸಿದಾಗ ಗುರುಗುಟ್ಟುವ ಒಂದು ಹುಲಿಯನ್ನು ಶ್ರೀರಂಗಪಟ್ಟಣದಲ್ಲೇ ಮಾಡಿ ನಿಲ್ಲಿಸಬಹುದು. ದರಿಯಾ ದೌಲತ್ ನೋಡಲು ಬರುವ ಶಾಲೆಯ ಮಕ್ಕಳು ಒಬ್ಬೊಬ್ಬರಾಗಿ ಅದರ ಹಿಡಿಕೆ ತಿರುಗಿಸಲಿ. ಮೊದಲು ಅವರಿಗೆ ಹೆದರಿಕೆಯಾಗುತ್ತದೆ, ಆಮೇಲೆ ನಗು ಬರುತ್ತದೆ. ಮೂರನೆಯ ಸಲ ತಿರುಗಿಸುವ ಹುಡುಗ ಅಥವಾ ಹುಡುಗಿ ಬಗ್ಗಿ ಹುಲಿಯ ಬಾಯೊಳಗೆ ನೋಡಿ, ಇದು ಹೇಗೆ ಕೂಗುತ್ತದೆ ಎಂದು ಕೇಳುತ್ತದೆ. ಇನ್ನೂರು ವರ್ಷಗಳ ಹಿಂದೆ ಈ ಊರಿನ ಹೆಸರಿಲ್ಲದ ಕುಶಲಕರ್ಮಿ ತನ್ನನ್ನು ತಾನು ಕೇಳಿಕೊಂಡ ಪ್ರಶ್ನೆಯೂ ಅದೇ.